ಬಾಡಿಗೆ ಕರಾರಿನಲ್ಲಿ ನನ್ನ ಹೆಸರು

ಡಬ್ಲಿನ್ನಿನಲ್ಲಿ ಮನೆ ಏಜೆಂಟನ ಮೇಜಿನೆದುರು ನಾನೂ ನನ್ನ ಗಂಡನೂ ಮಕ್ಕಳಿಬ್ಬರನ್ನು ತೊಡೆಯ ಮೇಲೆ ಕೂರಿಸಿಕೊಂಡು ಕುಳಿತಿದ್ದೆವು. ಇಲ್ಲಿ ನರ್ಸ್ ಕೆಲಸ ನನ್ನದು, ಪಗಾರ ನನ್ನದು. ನನ್ನ ಗಂಡ ನಮ್ಮೂರು ಮಸಗುಪ್ಪಿಯ ಹೊಲವನ್ನು ಅಣ್ಣನಿಗೆ ಒಪ್ಪಿಸಿ, ಮಕ್ಕಳನ್ನು ನೋಡಿಕೊಳ್ಳಲು ಬಂದವರು. ಇವರಿಗೆ ಇಂಗ್ಲಿಷ್ ಬಾರದು. ಆದರೂ ಏಜೆಂಟ್ ಪ್ರತಿ ಪ್ರಶ್ನೆಯನ್ನೂ ಇವರ ಮುಖ ನೋಡಿಯೇ ಕೇಳಿದ. ಉತ್ತರ ಕೊಟ್ಟವಳು ನಾನು.

ಕೊನೆಗೆ ಕರಾರುಪತ್ರ ನೋಡಿದರೆ ಬಾಡಿಗೆದಾರರ ಜಾಗದಲ್ಲಿ ಇವರ ಹೆಸರೊಂದೇ. ನನ್ನದು ಕೆಳಗೆ, ‘ಜೊತೆಗಿರುವವರು’ ಎಂಬಲ್ಲಿ, ಎರಡು ವರ್ಷದ ಮಗನ ಹೆಸರಿನ ಪಕ್ಕದಲ್ಲಿ. ಸಿಟ್ಟಿನಿಂದ ಕಾಗದವನ್ನು ಮೇಜಿನ ಮೇಲೆ ಕುಕ್ಕಿದೆ.

“ಏನ್ ಬರದಾನ?” ಇವರು ಕೇಳಿದರು.

“ಮನಿ ನಿಮ್ಮ ಹೆಸರಿಗೆ ಬರದಾನ್ರಿ. ನಾನೂ ಒಂದು ಕೂಸಂತ!”

“ಶನಿವಾರ ಈಗಿನ ಖೋಲಿ ಬಿಡಬೇಕಲ್ಲ. ಸಹಿ ಮಾಡ್ಲೇನ?”

“ಪೆನ್ ಮುಟ್ಟಬ್ಯಾಡ್ರಿ.”

ನನ್ನ ಹೆಸರಿಗೆ ಬರೆದುಕೊಡು, ಇಲ್ಲವಾದರೆ ಈ ಮನೆ ಬೇಡ ಎಂದು ಏಜೆಂಟನಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಅವನು ಆಗಲೂ ಇವರ ಮುಖವನ್ನೇ ನೋಡಿದ.

ಇವರು ತೊಡೆಯ ಮೇಲಿದ್ದ ಕೂಸನ್ನು ಎತ್ತಿಕೊಂಡು ಎದ್ದು, ತಮ್ಮ ಕುರ್ಚಿಯನ್ನು ಗೋಡೆಯ ಕಡೆಗೆ ತಿರುಗಿಸಿ, ಅವನಿಗೆ ಬೆನ್ನು ಹಾಕಿ ಕುಳಿತರು. ಹೊಸ ಕರಾರು ಅಚ್ಚಾಗಿ ನನ್ನ ಮುಂದೆ ಬರುವವರೆಗೂ ತಿರುಗಲಿಲ್ಲ.