ಸಿಪ್ಪೆಯ ಮೇಲಿಟ್ಟ ಪಾಯ

ಇದನ್ನು ಹೇಳುವುದನ್ನು ಇಷ್ಟು ವರ್ಷ ಮುಂದೂಡುತ್ತ ಬಂದೆ. ಎಸ್ಸೆಸ್ಸೆಲ್ಸಿ ಓದಿದವನಿಗೆ ಬರೆಯಲು ಎಲ್ಲಿ ಬರುತ್ತದೆ ಎನ್ನುತ್ತಿದ್ದೆ. ಅದು ನೆಪ.

2004ರಲ್ಲಿ ನಾನು ಕೊಪ್ಪದಲ್ಲಿ ಕಟ್ಟಡದ ಮೇಸ್ತ್ರಿ. ನರಸಿಂಹರಾಜಪುರ ರಸ್ತೆಯ ಪಕ್ಕ, ಮಾರುವುದಕ್ಕೆಂದೇ ಒಬ್ಬರು ಕಟ್ಟಿಸುತ್ತಿದ್ದ ಮನೆಯ ಕೆಲಸ ಹಿಡಿದಿದ್ದೆ. ಅಡುಗೆಮನೆ ಮೂಲೆಯಲ್ಲಿ ಪಾಯ ತೋಡುವಾಗ ಮೂರಡಿ ಆಳದಲ್ಲಿ ಕೊಳೆತ ಅಡಿಕೆ ಸಿಪ್ಪೆ ಬಂತು. ಹಿಂದೆ ಅಲ್ಲಿ ಸಿಪ್ಪೆ ಸುರಿಯುವ ಗುಂಡಿ ಇತ್ತಂತೆ. ಮೇಲೆ ಮಣ್ಣು ಹರಡಿ ಸೈಟ್ ಮಾಡಿದ್ದರು. ಗಟ್ಟಿ ನೆಲ ಸಿಗುವವರೆಗೂ ಅಗೆಯಬೇಕಿತ್ತು. ಮಳೆಗಾಲಕ್ಕೆ ಹದಿನೈದೇ ದಿನ ಉಳಿದಿತ್ತು.

ಪಾಯದ ಕಲ್ಲು ಕಟ್ಟುವವನು ಗುಂಡಿಯೊಳಗಿಂದಲೇ ಹೇಳಿದ: "ಮೇಸ್ತ್ರಿಗಳೇ, ಇದ್ರ ಮೇಲೆ ಕಲ್ಲಿಡೋದೂ ಒಂದೇ, ಹಾಸಿಗೆ ಮೇಲಿಡೋದೂ ಒಂದೇ ಮಾರಾಯ್ರೆ."

"ಅಲ್ಲಿ ಮಲಗೋದು ನೀನಲ್ವಲ್ಲ. ಕಟ್ಟು," ಎಂದೆ. ಕಟ್ಟಿದ.

ಮರುವರ್ಷ ನಿವೃತ್ತ ನರ್ಸ್ ಸರೋಜಮ್ಮ ಆ ಮನೆ ಕೊಂಡರು. ಮೊದಲ ಮಳೆಗೇ ಅಡುಗೆಮನೆ ಕಿಟಕಿಯ ಮೂಲೆಯಿಂದ ಬಿರುಕು ಬಿಟ್ಟಿತು. ಗಾರೆ ಒಣಗಿದ ಬಿರುಕು ಕೂದಲೆಳೆಯಷ್ಟು ಸಣ್ಣ, ಬಲೆಯ ಹಾಗೆ ಹರಡುತ್ತದೆ. ಪಾಯ ಕುಸಿದ ಬಿರುಕು ಇಟ್ಟಿಗೆಯ ಸಂದು ಹಿಡಿದು ಮೆಟ್ಟಿಲಿನಂತೆ ಓರೆಯಾಗಿ ಏರುತ್ತದೆ. ಇದು ಎರಡನೆಯದು ಎಂದು ಬಾಗಿಲಲ್ಲಿ ನಿಂತಾಗಲೇ ತಿಳಿಯಿತು. ಗಾರೆಯದ್ದೇ ಎಂದು ಹೇಳಿ ಸಿಮೆಂಟ್ ಮೆತ್ತಿ ಬಂದೆ.

ಮುಂದಿನ ಮಳೆಗಾಲಕ್ಕೆ ಅದೇ ಬಿರುಕಿನಲ್ಲಿ ಬೆರಳು ತೂರುತ್ತಿತ್ತು. ಸರೋಜಮ್ಮ ಶೃಂಗೇರಿಯಿಂದ ಇಂಜಿನಿಯರ್ ಒಬ್ಬರನ್ನು ಕರೆಸಿದರು. ಅವರು ಬಿರುಕಿಗೆ ಅಡ್ಡಲಾಗಿ ಗಾಜಿನ ಪಟ್ಟಿ ಅಂಟಿಸಿದರು. ಗೋಡೆ ಇನ್ನೂ ಇಳಿಯುತ್ತಿದ್ದರೆ ಗಾಜು ಒಡೆಯುತ್ತದೆ. ಇಪ್ಪತ್ತು ದಿನಕ್ಕೆ ಒಡೆಯಿತು. ಆಮೇಲೆ ನನ್ನನ್ನೂ ಪಾಯ ಕಟ್ಟಿದವನನ್ನೂ ಕರೆಸಿ ಗೋಡೆಯ ಬುಡ ಅಗೆಸಿದರು. ಸಿಪ್ಪೆ ಕಂಡಿತು.

ಇದನ್ನು ನೋಡಿಯೂ ಕಟ್ಟಿದವರು ಯಾರು ಎಂದು ಇಂಜಿನಿಯರ್ ಕೇಳಿದರು. ಆ ದಿನ ನಾನು ಕಿಗ್ಗದ ಕೆಲಸಕ್ಕೆ ಹೋಗಿದ್ದೆ, ಇವನು ನನ್ನನ್ನು ಕೇಳದೆ ಕಟ್ಟಿದ ಎಂದುಬಿಟ್ಟೆ.

ಹಾರೆ ಹಿಡಿದು ನಿಂತಿದ್ದವನನ್ನು ಸರೋಜಮ್ಮ ಕೇಳಿದರು, "ಹೌದೇನಪ್ಪ?"

ಅವನು ಹಾರೆ ಕೆಳಗಿಟ್ಟು ನನ್ನ ಕಡೆ ನೋಡಿದ. ಆಮೇಲೆ, "ಕಟ್ಟಿದ್ದು ನಾನೇ ಅಮ್ಮಾ," ಎಂದ.

ಒಂದೊಂದು ಸಲಕ್ಕೆ ಮೂರಡಿಯಷ್ಟೇ ಗೋಡೆಯ ಅಡಿ ಅಗೆದು, ಏಳಡಿ ಆಳದ ಗಟ್ಟಿ ನೆಲದಿಂದ ಕಾಂಕ್ರೀಟ್ ತುಂಬುತ್ತ ಬಂದೆವು. ಹನ್ನೊಂದು ದಿನ ಅವನೇ ಗುಂಡಿಗಿಳಿದ. ಮನೆ ಉಳಿಯಿತು. ಅವನನ್ನು ಮಾತ್ರ ಆಮೇಲೆ ಯಾರೂ ಪಾಯಕ್ಕೆ ಕರೆಯಲಿಲ್ಲ. ಅವನು ಹೇಗೆ ಎಂದು ಇಬ್ಬರು ನನ್ನನ್ನೇ ಕೇಳಿದ್ದರು. ಕಾಂಪೌಂಡಿಗಾದರೆ ಅಡ್ಡಿಯಿಲ್ಲ ಎಂದೆ. ಸಾಯುವವರೆಗೂ ಕಾಂಪೌಂಡ್ ಗೋಡೆಯನ್ನೇ ಕಟ್ಟಿದ. ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಾಗಲೆಲ್ಲ ಮೊದಲು ಮಾತಾಡಿಸುತ್ತಿದ್ದವನು ಅವನೇ. ನಾನು ಮಳೆಯ ಸುದ್ದಿ ತೆಗೆಯುತ್ತಿದ್ದೆ.

ಮಣ್ಣು ಮುಚ್ಚಿದ ಮೇಲೆ ಪಾಯ ಯಾರಿಗೂ ಕಾಣುವುದಿಲ್ಲ. ಮೇಸ್ತ್ರಿಯ ಮಾತನ್ನೇ ಜನ ನಂಬಬೇಕು. ಈ ಕೆಲಸ ನನಗೆ ಕಲಿಸಿದ್ದು ಇಷ್ಟು, ಅದೂ ತಡವಾಗಿ. ನಾನು ಕ್ಷಮೆ ಕೇಳದೆ ಮಣ್ಣಿಗೆ ಕಳಿಸಿಕೊಟ್ಟ ಆ ಕಲ್ಲು ಕಟ್ಟುವವನು ಮೇಗುಂದದ ಇಬ್ರಾಹಿಂ.