ಉತ್ತರಕ್ಕೆ ತಲೆ ಹಾಕಿ ಮಲಗಿದವಳು

ಆ ಚಿತ್ರ ಬರೆಯುವಾಗ ನಾನು ಅಲ್ಲಿದ್ದೆನೋ ಇಲ್ಲವೋ ನನಗೆ ಖಚಿತವಿಲ್ಲ. ಇದ್ದೆ ಎಂದು ಚಿಕ್ಕಮ್ಮ ಹೇಳುತ್ತಾಳೆ. ನನ್ನ ನೆನಪೂ ಹಾಗೇ ಹೇಳುತ್ತದೆ: ಮುಳಬಾಗಿಲು ಕಡೆಯ ಆವನಿ ಹತ್ತಿರದ ಅವಳ ಗಂಡನ ಮನೆ, ಹಿತ್ತಲಲ್ಲಿ ರೇಷ್ಮೆ ಸಾಕುವ ಹುಳದ ಮನೆ, ಅದರ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂತ ಡ್ರಾಯಿಂಗ್ ಮೇಷ್ಟ್ರು, ಅವರ ಭುಜದ ಹಿಂದೆ ನಾನು, ಒಳಗೆ ಕಿಟಕಿಯ ಕೆಳಗೆ ಚಾಪೆಯ ಮೇಲೆ ಗಾಢ ನಿದ್ದೆಯಲ್ಲಿ ಚಿಕ್ಕಮ್ಮ. ಟರ್ಪೆಂಟೈನಿನ ವಾಸನೆ ಕೂಡ ನೆನಪಿದೆ. ತೊಂದರೆ ಒಂದೇ. ಆ ನೆನಪಿನಲ್ಲಿ ಚಿಕ್ಕಮ್ಮನ ಮುಖ ಹಸಿರಾಗಿದೆ.

ಮುಖ ಹಸಿರಾಗಿರುವುದು ಚಿತ್ರದಲ್ಲಿ. ಅಲ್ಲಿ ಕಣ್ಣು, ಮೂಗು, ಬಾಯಿ ಒಂದೂ ಇಲ್ಲ. ಎಳೆ ಸೊಪ್ಪಿನ ಬಣ್ಣದ ಮೊಟ್ಟೆಯಂಥ ಒಂದು ಆಕಾರ, ಅದಕ್ಕೆ ಅಂಟಿದಂತೆ ದಪ್ಪ ಕಪ್ಪು ಗೆರೆಗಳಲ್ಲಿ ಉದ್ದಕ್ಕೆ ಚಾಚಿದ ದೇಹ. ಎಡಗಡೆ, ತಲೆಯ ಪಕ್ಕದಲ್ಲಿ, ಒಂದರ ಮೇಲೊಂದು ಹಳದಿ ವೃತ್ತಗಳು. ಹಿಂದೆ ಕಿಟಕಿ, ಕಿಟಕಿಯಲ್ಲಿ ಬೋಳು ಗುಡ್ಡ, ಗುಡ್ಡದ ನೆತ್ತಿಯಲ್ಲಿ ಯಾರೋ ಕಚ್ಚಿ ತೆಗೆದಂಥ ಒಂದು ತಗ್ಗು. ಮೇಷ್ಟ್ರು ಕಲಾಶಾಲೆಯಲ್ಲಿ ಓದಿದವರು. ಹಳ್ಳಿಯ ಹೈಸ್ಕೂಲಿಗೆ ಕೆಲಸಕ್ಕೆ ಬಂದು ಚಿಕ್ಕಮ್ಮನ ಮನೆಯ ಮುಂಗೋಣೆಯಲ್ಲಿ ಇದ್ದರು. ನಾನು ಆಗ ಎಂ.ಎ. ವಿದ್ಯಾರ್ಥಿ, ರಜೆಯಲ್ಲಿ ಅಲ್ಲಿಗೆ ಹೋಗುತ್ತಿದ್ದೆ. ಆಮೇಲೆ ಆ ಚಿತ್ರವನ್ನು ಎಷ್ಟೋ ಸಲ ನೋಡಿದ್ದೇನೆ. ನನ್ನ ತಲೆಯಲ್ಲಿ ಇರುವುದು ಆ ಮಧ್ಯಾಹ್ನವೋ, ಚಿತ್ರವೋ, ಚಿಕ್ಕಮ್ಮ ಹೇಳಿದ ಕತೆಯೋ? ವಿಶ್ವವಿದ್ಯಾಲಯ ನನಗೆ ಅನುಮಾನಿಸುವುದನ್ನು ಕಲಿಸಿತು. ಅನುಮಾನವನ್ನು ಎಲ್ಲಿ ನಿಲ್ಲಿಸಬೇಕೆಂದು ಕಲಿಸಲಿಲ್ಲ.

ಚಿಕ್ಕಮ್ಮನಿಗೆ ಇಂಥ ಕಷ್ಟಗಳಿಲ್ಲ. ರೇಷ್ಮೆಹುಳ ಬೆಳೆಯುವಾಗ ನಡುನಡುವೆ ಸೊಪ್ಪು ತಿನ್ನುವುದನ್ನು ಬಿಟ್ಟು, ತಲೆಯೆತ್ತಿ, ಅಲ್ಲಾಡದೆ ಕೂರುತ್ತದೆ. ನಮ್ಮ ಕಡೆ ಅದನ್ನು ಜ್ವರ ಎನ್ನುತ್ತಾರೆ. ಜ್ವರಕ್ಕೆ ಕೂತು ಎದ್ದಾಗ ಹಳೆ ಚರ್ಮ ಕಳಚಿರುತ್ತದೆ. ಹುಳ ತಿನ್ನುವಷ್ಟು ದಿನ ಆ ಮನೆಯ ಹೆಂಗಸರಿಗೆ ಹಗಲೂ ಇಲ್ಲ, ರಾತ್ರಿಯೂ ಇಲ್ಲ. ಹುಳ ಜ್ವರಕ್ಕೆ ಕೂತರೆ ಮಾತ್ರ ಬೆನ್ನು ನೆಲಕ್ಕೆ ಹಚ್ಚಬಹುದು. ಅಂಥ ಒಂದು ಮಧ್ಯಾಹ್ನ ಮೇಷ್ಟ್ರು ಬಾಗಿಲಲ್ಲಿ ನಿಂತು ಕೇಳಿದರಂತೆ.

"ಬರ್ಕೊಳ್ಳಿ ಮೇಷ್ಟ್ರೇ, ಆದ್ರೆ ಎಬ್ಬಿಸ್ಬೇಡಿ ಅಂದೆ ಕಣೋ. ಅಷ್ಟೇ ನಾನು ಹಾಕಿದ ಕಂಡೀಷನ್ನು."

ವರ್ಗವಾಗಿ ಹೋಗುವ ದಿನ ಮೇಷ್ಟ್ರು ಚಿತ್ರವನ್ನು ಅವಳ ಕೈಗೇ ಕೊಟ್ಟರು ಎನ್ನುವುದು ಅವಳ ಮಾತು. ಅವಳು ಅದನ್ನು ಪಡಸಾಲೆಯ ಪೂರ್ವದ ಗೋಡೆಗೆ ತೂಗುಹಾಕಿದಳು. ಯಾರೋ ನೆಂಟರು ಬಂದವರು ಹೊಸ್ತಿಲಲ್ಲೇ ನಿಂತು, "ಪೀನುಗಾ ಇದಿ?" ಎಂದು ತೆಲುಗಿನಲ್ಲಿ ಕೇಳಿದರಂತೆ, ಹೆಣವಾ ಇದು ಎಂದು. ಪೂರ್ವದ ಗೋಡೆಯಲ್ಲಿ ಎಡಕ್ಕೆ ತಲೆ ಎಂದರೆ ಉತ್ತರಕ್ಕೆ ತಲೆ. ಉತ್ತರಕ್ಕೆ ತಲೆ ಮಾಡಿ ಮಲಗಿಸುವುದು ಸತ್ತವರನ್ನು. ಅವಳ ಅತ್ತೆ ಅವತ್ತೇ ಅದನ್ನು ಇಳಿಸಿ, ಶ್ರೀನಿವಾಸಪುರದ ಕಡೆ ಯಲ್ದೂರಿಗೆ ಕೊಟ್ಟ ಮಗಳ ಮನೆಗೆ ಸಾಗಹಾಕಿದರು. ಚಿಕ್ಕಮ್ಮನನ್ನು ಯಾರೂ ಕೇಳಲಿಲ್ಲ.

ಯಲ್ದೂರಿನ ಮನೆಯಲ್ಲಿ ಮೊಳೆ ಇದ್ದದ್ದೂ ಪೂರ್ವದ ಗೋಡೆಯಲ್ಲೇ. ಆ ಮನೆಯವರು ಮೊಳೆ ಬದಲಿಸಲಿಲ್ಲ, ಚಿತ್ರವನ್ನೇ ತಲೆಕೆಳಗೆ ಮಾಡಿದರು. ತಲೆ ದಕ್ಷಿಣಕ್ಕೆ ಬಂತು, ಗುಡ್ಡ ಬಾವಲಿಯಂತೆ ನೇತಾಡಿತು. ಮಾಡರ್ನ್ ಆರ್ಟ್ ಎಂದರೆ ಹೀಗೇ ಇರುತ್ತದೆ ಎಂದು ಮಾವಿನ ವ್ಯಾಪಾರಕ್ಕೆ ಬಂದವರೆಲ್ಲ ಒಪ್ಪಿ ಕಾಫಿ ಕುಡಿದು ಹೋದರು. ಇದು ನನ್ನ ಕಲ್ಪನೆಯಲ್ಲ. ಫ್ರೇಮಿನ ಕೆಳಗಡೆಯೂ ಕೊಂಡಿ ಹಾಕಿದ ಗುರುತಿದೆ. ಅಲ್ಲಿಂದ ಅದು ಚಿಕ್ಕಮ್ಮನ ಮೈದುನನಿಗೆ ಹೋಯಿತು. ಅವನು ಮಾಲೂರಿನಲ್ಲಿ ಇಟ್ಟಿಗೆ ಗೂಡು ನಡೆಸುತ್ತಾನೆ. ಹೊಸ ಮನೆಗೆ ದೊಡ್ಡ ಗೋಡೆಗಳಿದ್ದವು. ಅವನು ಚಿತ್ರವನ್ನು ನೆಟ್ಟಗೆ ಮಾಡಿ, ಪಶ್ಚಿಮದ ಗೋಡೆಗೆ ಹಾಕಿದ. ತಲೆ ದಕ್ಷಿಣಕ್ಕೆ. ಎಲ್ಲರಿಗೂ ಸಮಾಧಾನ.

ಈಗ ಮೇಷ್ಟ್ರಿಲ್ಲ. ತೀರಿಕೊಂಡ ಮೇಲೆ ಅವರ ಹೆಸರು ಎದ್ದಿದೆ. ಬೆಂಗಳೂರಿನ ಒಂದು ಗ್ಯಾಲರಿ ಅವರ ಚಿತ್ರಗಳನ್ನೆಲ್ಲ ಸೇರಿಸಿ ಪ್ರದರ್ಶನ ಮಾಡುತ್ತಿದೆ. ಗ್ಯಾಲರಿಯವರು ಮೈದುನನನ್ನು ಕೇಳಿದರು: ಈ ಚಿತ್ರ ಯಾರಿಂದ ಯಾರಿಗೆ ಬಂತು, ಇದರಲ್ಲಿರುವ ಹೆಂಗಸು ಯಾರು? ಅವನು ಹೇಳಿಬಿಟ್ಟ: ಮೇಷ್ಟ್ರು ನಮ್ಮಮ್ಮನಿಗೆ ಕೊಟ್ಟರು, ಹೆಂಗಸು ಬರೀ ಕಲ್ಪನೆ. ಹಾಗೇ ಬರೆದು ಚಿತ್ರದ ಪಕ್ಕ ಹಾಕುವುದೆಂದು ತೀರ್ಮಾನವಾಯಿತು.

ಚಿಕ್ಕಪ್ಪ ಹೋದ ಮೇಲೆ ಚಿಕ್ಕಮ್ಮ ಮುಳಬಾಗಿಲಿನಲ್ಲಿದ್ದಾಳೆ. ಸುದ್ದಿ ಕೇಳಿದವಳೇ ಕೋಲಾರಕ್ಕೆ ಬಸ್ಸು ಹತ್ತಿ ನನ್ನ ಮನೆಗೆ ಬಂದಳು.

"ನಡಿ ಮಾಲೂರಿಗೆ. ನನ್ನನ್ನ ಕಲ್ಪನೆ ಅಂದವ್ನೆ."

ಮೈದುನನ ಮನೆಯ ಹಜಾರದಲ್ಲಿ ನಮಗೆ ಎಳನೀರು ಬಂತು. ಅವಳು ಮುಟ್ಟಲಿಲ್ಲ. ಚಿತ್ರದ ಎದುರು ಹೋಗಿ ನಿಂತಳು.

"ಇದು ನಾನು. ಇದು ನಮ್ಮ ಹುಳದ ಮನೆ. ಈ ದುಂಡುಗೆ ಇರೋವು ಹುಳದ ತಟ್ಟೆಗಳು."

"ಗ್ಯಾಲರಿಯೋರು ಚಂದ್ರ ಅಂದ್ರು ಅತ್ಗೆ."

"ಹಂಗಾದ್ರೆ ಅವ್ರ ಚಂದ್ರಂಗೆ ಸೊಪ್ಪು ಹಾಕಕ್ಕೆ ಹೇಳು."

ಮೈದುನ ನಕ್ಕ. ಆದರೆ ಬಿಡಲಿಲ್ಲ. "ಆ ರೂಮಲ್ಲಿ ಗುಡ್ಡ ಕಾಣೋ ಕಿಟಕಿ ಎಲ್ಲಿತ್ತು? ಆ ಕಡೆ ಬರೀ ಗೋಡೆ. ನಾನು ಹುಟ್ಟಿದ ಮನೆ ಅದು. ಇತ್ತು ಅಂತ್ಲೇ ಇಟ್ಕೊಳ್ಳಿ, ಅಲ್ಲಿ ಹಿಂಗೆ ಮಲಗಿದ್ರೆ ಉತ್ತರಕ್ಕೆ ತಲೆ ಆಯ್ತದೆ. ನಮ್ಮಮ್ಮ ಇರೋ ಮನೇಲಿ ಸೊಸೆ ಉತ್ತರಕ್ಕೆ ತಲೆ ಹಾಕಿ ಮಲಗ್ತಾಳಾ? ನಂಬೋ ಮಾತಾ?"

"ಮಲಗಿದ್ದೆ. ತಟ್ಟೆ ಇದ್ದಿದ್ದು ಉತ್ತರಕ್ಕೆ. ಹುಳ ಲಕ್ಷ್ಮಿ, ಕಾಲು ತೋರಿಸ್ಬೇಡ ಅಂದ್ರು ನಿಮ್ಮಮ್ಮ. ಉತ್ತರಕ್ಕೆ ತಲೆ ಹಾಕ್ಬೇಡ ಅಂತ್ಲೂ ಅವರೇ ಅಂದ್ರು. ಅಡ್ಡ ಮಲಗಿದ್ರೆ ಓಡಾಡೋರು ತುಳಿಯೋರು. ಮತ್ತೆ ಎಲ್ಲಿ ಮಲಗ್ಲಿ? ನಿಂತ್ಕೊಂಡಾ? ಹುಳಕ್ಕೆ ಕಾಲು ತೋರಿಸ್ಲಿಲ್ಲ. ನಂಗೆ ನಿದ್ದೆ ಬೇಕಾಗಿತ್ತು, ಮಲಗ್ದೆ. ಸತ್ತಿದ್ನಾ? ನೋಡು, ನಿನ್ನೆದುರಿಗೆ ನಿಂತಿವ್ನಿ."

"ಸಾಕ್ಷಿ ಯಾರು ಅತ್ಗೆ?"

ಅವಳು ನನ್ನತ್ತ ಕೈ ತೋರಿಸಿದಳು. "ಇವನಿದ್ದ."

ಮೈದುನ ನನ್ನ ಕಡೆ ತಿರುಗಿದ. "ಹೇಳಿ ಸ್ವಾಮಿ, ಯೂನಿವರ್ಸಿಟಿನೋರು. ಕಿಟಕಿ ಇತ್ತಾ?"

ನನಗೆ ಕಿಟಕಿ ಕಾಣುತ್ತಿತ್ತು. ಗುಡ್ಡ ಕಾಣುತ್ತಿತ್ತು. ಆದರೆ ಎರಡೂ ಎದುರಿನ ಗೋಡೆಯ ಮೇಲೆಯೇ ತೂಗುತ್ತಿದ್ದವು. "ನೆನಪಿದೆ," ಎಂದೆ. "ಆದ್ರೆ ಅದು ರೂಮಿನ ನೆನಪಾ ಚಿತ್ರದ ನೆನಪಾ, ಹೇಳಕ್ಕಾಗಲ್ಲ."

"ಹಾಳಾದೋನೇ," ಎಂದಳು ಚಿಕ್ಕಮ್ಮ. ಧ್ವನಿಯಲ್ಲಿ ಸಿಟ್ಟಿಗಿಂತ ಬೇಸರ ಹೆಚ್ಚಿತ್ತು. "ಓದಿ ಓದಿ ಕಣ್ಣಲ್ಲಿ ಕಂಡಿದ್ದೂ ನಂದಲ್ಲ ಅಂತಾನಲ್ಲ. ಬಿಡು, ನಾನು ಮಲಗಿದ್ದಕ್ಕೆ ಇನ್ನೊಬ್ಬರ ಸಾಕ್ಷಿ ಬೇರೆ ಬೇಕಾ? ಮೈ ನಂದು, ನಿದ್ದೆ ನಂದು."

ಹೀಗೆಂದು ಸೆರಗು ಸಿಕ್ಕಿಸಿ, ಸೋಫಾದ ಮೇಲೆ ಚಪ್ಪಲಿ ಕಾಲಲ್ಲೇ ಹತ್ತಿ, ಚಿತ್ರವನ್ನು ಮೊಳೆಯಿಂದ ಎತ್ತಿದಳು. ಮೈದುನ "ಅತ್ಗೆ, ಅತ್ಗೆ" ಎನ್ನುತ್ತ ಎದ್ದ. ಬಿದ್ದುಹೋದೀತೆಂದು ಅವನೇ ಇನ್ನೊಂದು ತುದಿ ಹಿಡಿದ. ಹಿಡಿದವನು ಇಳಿಸಿಯೇ ಕೊಡಬೇಕಾಯಿತು. ಕೆಳಗಿಳಿದ ಮೇಲೆ ಎಳೆದುಕೊಳ್ಳಲು ನೋಡಿದ. ಅವಳು ಬಿಡಲಿಲ್ಲ. ಅರವತ್ತು ದಾಟಿದ ಅತ್ತಿಗೆಯ ಜೊತೆ ಹಗ್ಗ ಜಗ್ಗುವುದು ಅವನಿಂದಾಗಲಿಲ್ಲ.

"ಗ್ಯಾಲರಿಯೋರಿಗೆ ಏನು ಹೇಳ್ಲಿ ನಾನು?"

"ಕಲ್ಪನೆ ಎದ್ದು ಹೋದ್ಲು ಅನ್ನು. ಬೇಕಾದ್ರೆ ಮುಳಬಾಗ್ಲಿಗೆ ಬಂದು ನನ್ನನ್ನ ಕೇಳ್ಲಿ."

ಬಸ್ಸಿನಲ್ಲಿ ಚಿತ್ರವನ್ನು ನಮ್ಮಿಬ್ಬರ ಮೊಣಕಾಲಿಗೆ ಆನಿಸಿಕೊಂಡು ಕೂತೆವು. ಕಂಡಕ್ಟರ್ ಬಗ್ಗಿ ನೋಡಿ, "ಏನಮ್ಮಾ ಇದು, ದೇವ್ರಾ?" ಎಂದ. "ಅಲ್ಲಪ್ಪ, ನಾನು," ಎಂದಳು. ಅವನು ಹಸಿರು ಮುಖವನ್ನೂ ಅವಳ ಮುಖವನ್ನೂ ಒಮ್ಮೆ ನೋಡಿ, "ಹೋಲ್ತದೆ ಬಿಡಮ್ಮ" ಎಂದು ಮುಂದೆ ಹೋದ.

ಮುಳಬಾಗಿಲಿನ ಮನೆಯಲ್ಲಿ ಅವಳು ಅದನ್ನು ಪೂರ್ವದ ಗೋಡೆಗೇ ಹಾಕಿದ್ದಾಳೆ. ಗ್ಯಾಲರಿಯ ಹುಡುಗಿ ಫೋನು ಮಾಡಿದಾಗ, ಚಿತ್ರದ ಪಕ್ಕ ತನ್ನ ಹೆಸರು ಬರೆದರೆ ಕೊಡುತ್ತೇನೆ, ಇಲ್ಲದಿದ್ದರೆ ಇಲ್ಲ ಎಂದಳಂತೆ. ಹುಡುಗಿ ವಿಚಾರಿಸಿ ಹೇಳುತ್ತೇನೆ ಎಂದಿದ್ದಾಳೆ. ಮೇಷ್ಟ್ರು ಅದನ್ನು ಯಾರ ಕೈಗೆ ಕೊಟ್ಟರು ಎಂಬುದು ನನಗೆ ಇವತ್ತಿಗೂ ಗೊತ್ತಿಲ್ಲ. ಬಾಗಿಲಲ್ಲಿ ನಾನು ನಿಂತಿದ್ದೆನೋ ಇಲ್ಲವೋ ಅದೂ ಗೊತ್ತಿಲ್ಲ. ಚಿಕ್ಕಮ್ಮನನ್ನು ನಂಬುತ್ತೇನೆ, ಆದರೆ ನಂಬುವುದು ತಿಳಿದಂತಲ್ಲ.

ಅದಕ್ಕೇ ಹೋದ ವಾರ ಒಬ್ಬನೇ ಹಳ್ಳಿಗೆ ಹೋದೆ. ಹುಳದ ಮನೆಯಲ್ಲಿ ಈಗ ಟೊಮೆಟೊ ಕ್ರೇಟುಗಳಿವೆ. ಒಳಗೆ ಮೈದುನ ಹೇಳಿದಂತೆಯೇ ಬರೀ ಗೋಡೆ, ಸುಣ್ಣ ಬಳಿದದ್ದು. ಹೊರಗೆ ಸುತ್ತಿ ಹೋಗಿ ನೋಡಿದೆ. ಮಣ್ಣಿನ ಗೋಡೆಯ ಗಾರೆ ಮಳೆಗೆ ಉದುರಿ, ನಡುವೆ ಚೌಕವಾಗಿ ಇಟ್ಟಿಗೆ ಕಟ್ಟಿ ಮುಚ್ಚಿದ ಜಾಗ ಕಾಣುತ್ತಿತ್ತು. ಅದರ ಮೇಲೆ ಅಡ್ಡ ಇಟ್ಟ ಕಲ್ಲು ಹಾಗೇ ಇತ್ತು. ಹುಳಕ್ಕೆ ನೊಣ ಬರುತ್ತದೆಂದು ಮುಚ್ಚಿಸಿದರೋ, ಬೇರೆ ಕಾರಣಕ್ಕೋ, ಹೇಳಲಾರೆ. ಆ ಇಟ್ಟಿಗೆಗೆ ಬೆನ್ನು ಕೊಟ್ಟು ನಿಂತೆ. ಎದುರಿಗೆ ಬೋಳು ಗುಡ್ಡ, ನೆತ್ತಿಯಲ್ಲಿ ಕಚ್ಚಿ ತೆಗೆದಂಥ ತಗ್ಗು. ಫೋನಿನಲ್ಲಿ ದಿಕ್ಸೂಚಿ ತೆರೆದೆ. ನನ್ನ ಎಡಗೈ ಇದ್ದ ಕಡೆ, ಚಿತ್ರದಲ್ಲಿ ಅವಳ ತಲೆ ಇದ್ದ ಕಡೆ, ಉತ್ತರ.