ಟವರಿನ ಬಾಯಿಗೆ ಮೂಗಿಟ್ಟವನು

ಮಾನ್ವಿಯ ನಮ್ಮ ಮನೆಯವರಿಗೆ ಮಂತ್ರಾಲಯದ ರಾಯರ ಮೇಲೆ ಎಷ್ಟು ನಂಬಿಕೆಯೋ, ನಮ್ಮ ಕಾರ್ಖಾನೆಗೆ ತಾಯಪ್ಪನ ಮೂಗಿನ ಮೇಲೆ ಅಷ್ಟೇ ಇತ್ತು. ತಮಾಷೆಗೆ ಹೇಳುತ್ತಿಲ್ಲ. ಆ ಮೂಗಿನ ಭರವಸೆಯ ಮೇಲೆ ನಾನು ಆರು ವರ್ಷ ಸಹಿ ಹಾಕಿದ್ದೇನೆ.

ರಾಯಚೂರಿನ ಹೊರವಲಯದ ಔಷಧಿ ಕಾರ್ಖಾನೆ ಅದು. ನಾನು, ವಿಶ್ವೇಶ, ಆಳುಗಳ ಬಾಯಲ್ಲಿ 'ಆಚಾರ್ರು', ಅಲ್ಲಿ ಸುರಕ್ಷತೆಯ ಕಾಗದಪತ್ರ ನೋಡುವವನು. ತಾಯಪ್ಪ ಅರಕೇರಾದವನು. ಸ್ಕ್ರಬ್ಬರ್ ನೋಡಿಕೊಳ್ಳುತ್ತ ಇಪ್ಪತ್ತೆರಡು ವರ್ಷ ಕಳೆದರೂ ಇನ್ನೂ ಗುತ್ತಿಗೆಯಾಳು. ಸ್ಕ್ರಬ್ಬರ್ ಎಂದರೆ ನಾಲ್ಕಾಳೆತ್ತರದ ಟವರ್. ಕೆಳಗಿನಿಂದ ವಿಷದ ಗ್ಯಾಸ್ ಏರುತ್ತದೆ, ಮೇಲಿನಿಂದ ಕಾಸ್ಟಿಕ್ ಸೋಡಾ ಕರಗಿಸಿದ ನೀರು ಸುರಿದು ಅದನ್ನು ತೊಳೆಯುತ್ತದೆ. ಆದರೆ ನಮ್ಮ ಬೋರಿನ ಗಡಸು ನೀರು ಸಾಮಾನ್ಯದ್ದಲ್ಲ. ಎರಡು ತಿಂಗಳಿಗೆಲ್ಲ ಸುಣ್ಣ ಕಟ್ಟಿ ನೀರು ಸುರಿಯುವ ತೂತುಗಳೆಲ್ಲ ಮುಚ್ಚಿಹೋಗುತ್ತವೆ. ಆಗ ಟವರ್ ನಿಲ್ಲಿಸಿ, ಆಸಿಡ್ ಹಾಕಿ ಸುಣ್ಣ ಕರಗಿಸಿ, ಉಳಿದದ್ದನ್ನು ಯಾರಾದರೂ ಒಳಗಿಳಿದು ಕೆರೆಯಬೇಕು.

ಒಳಗೆ ಗ್ಯಾಸ್ ಉಳಿದಿದೆಯೇ ಎಂದು ಅಳೆಯುವ ಮೀಟರ್ ಎಂದೋ ಕೆಟ್ಟಿತ್ತು. ಹಾಗಾಗಿ ತಾಯಪ್ಪ ಏಣಿ ಹತ್ತಿ, ಮೇಲಿನ ಬಾಗಿಲು ತೆಗೆದು, ತಲೆ ಒಳಗಿಟ್ಟು ಮೂಸುತ್ತಿದ್ದ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಮುಖ ಕಿವುಚಿ ಕೈ ಅಡ್ಡ ಆಡಿಸುತ್ತಿದ್ದ. ಬರದಿದ್ದರೆ ನಾನು ಕೆಳಗೆ ನಿಂತು, ಒಳಗಿಳಿಯಲು ಕೊಡುವ ಪರ್ಮಿಟ್ಟಿನಲ್ಲಿ 'ಗ್ಯಾಸ್: ಸೊನ್ನೆ' ಎಂದು ಬರೆಯುತ್ತಿದ್ದೆ. ಮೊದಮೊದಲು ಅವನನ್ನು ಎರಡೆರಡು ಸಲ ಕೇಳಿ ಬರೆಯುತ್ತಿದ್ದೆ. ಆಮೇಲೆ ಅದನ್ನೂ ಬಿಟ್ಟೆ, ನಾಚಿಕೆಗೇಡು.

ಕಳೆದ ವರ್ಷ ಮಾರ್ಚ್‌ನಲ್ಲಿ ತಾಯಪ್ಪ ಮೂಸಿ ಇಳಿದು ಬಂದ.

"ಏನೂ ಇಲ್ಲ. ಇಳೀರಿ ಮುಷರ್ರಫ್ ಭಾಯ್."

ಮುಷರ್ರಫ್ ಹದಿನೈದು ವರ್ಷದಿಂದ ಅವನ ಜೋಡಿ, ಒಳಗಿಳಿದು ಕೆರೆಯುವವನು. ಮೂಲೆಗಳಲ್ಲಿ ಕೂತಿದ್ದ ಹಳೆಯ ಕೆಸರಿಗೆ ಆಸಿಡ್ ಮುಟ್ಟಿ ಗ್ಯಾಸ್ ಮತ್ತೆ ಎದ್ದಿತ್ತು. ಅವನು ಇಳಿದು ನಾಲ್ಕು ಸಲ ಕೆರೆದ ಸದ್ದು ಕೇಳಿತು, ಐದನೆಯದು ಕೇಳಲಿಲ್ಲ. ಹಗ್ಗ ಎಳೆದು ಹೊರಗೆ ತರುವಷ್ಟರಲ್ಲಿ ಉಸಿರು ನಿಂತಿತ್ತು.

ಮುಷರ್ರಫ್‌ನ ಮಣ್ಣು ಮುಗಿಸಿಕೊಂಡು ಬರುವಾಗ ತಾಯಪ್ಪ ದಾರಿಬದಿಯ ಕಲ್ಲಿನ ಮೇಲೆ ಕುಸಿದು ಕೂತ.

"ಆಚಾರ್ರ, ಎರಡು ವರ್ಷಾತು, ನನ್ನ ಮೂಗು ಸತ್ತು. ಮನ್ಯಾಗ ಅನ್ನ ತಳ ಹತ್ತಿದ್ದೂ ಗೊತ್ತಾಗಂಗಿಲ್ಲ. ನನ್ನ ಹೇಣ್ತಿ ಬಸ್ಸಮ್ಮನ್ನ ಕೇಳ್ರಿ, ದಿನಾ ಬೈತಾಳ."

"ಲೇ, ಹೇಳಬಾರದಾಗಿತ್ತೇನೋ ನೀನು!"

"ಹೇಳಿದ್ರ ನನಗ ಮತ್ತೇನು ಕೆಲಸ ಉಳೀತಿತ್ರೀ? ಓದಿಲ್ಲ, ಬರದಿಲ್ಲ. ಇದೊಂದು ಮೂಗಿಗೇ ನನ್ನ ಇಟ್ಕೊಂಡಿದ್ರು." ಕಾಲಿಗಂಟಿದ ಮಣ್ಣು ಕೊಡವುತ್ತ ಅಂದ, "ಎರಡು ವರ್ಷ ಏನೂ ಆಗಲಿಲ್ಲ ನೋಡ್ರಿ. ವಾಸನಿ ಇಲ್ಲಂದ್ರ ಗ್ಯಾಸೂ ಇಲ್ಲ ಅಂತ ನಾನೂ ನಂಬಿಬಿಟ್ಟೆ."

ಅವನ ಮೇಲೆ ಸಿಟ್ಟು ಬಂತು. ಅದಕ್ಕಿಂತ ಹೆಚ್ಚು ನನ್ನ ಮೇಲೆ ಬಂತು. ಮರುದಿನ ಅವನನ್ನು ಕರೆದುಕೊಂಡು ಮ್ಯಾನೇಜರ್ ಜಗನ್ನಾಥರ ಕೋಣೆಗೆ ಹೋದೆ. ತಾಯಪ್ಪ ಕೈಕಟ್ಟಿ ನಿಂತು ಎಲ್ಲ ಹೇಳಿದ. ಅವರು ಬಾಗಿಲು ಹಾಕಿದರು.

"ಮುಷರ್ರಫ್ ಮಾಸ್ಕ್ ಹಾಕ್ಕೊಂಡಿರಲಿಲ್ಲ, ತಪ್ಪು ಅವಂದೇ ಅಂತ ವರದಿ ಹೋಗ್ಯದ. ಈಗ ಹೊಸ ಕಥಿ ತರಬ್ಯಾಡ್ರಿ." ನನ್ನ ಕಡೆ ತಿರುಗಿದರು. "ವಿಶ್ವೇಶ, ಸೊನ್ನಿ ಬರದಾವ ನೀನು. ಅದನ್ನೂ ಹೇಳ್ತೀಯೇನು?"

ಇಲ್ಲವೆಂದು ತಲೆಯಾಡಿಸಿದೆ. ಮನೆಯಲ್ಲಿ ಹೆಂಡತಿ ಪೂರ್ಣಶ್ರೀ, ಮಗಳ ಶಾಲೆ, ಎಲ್ಲ ಕಣ್ಣೆದುರು ಬಂದವು ಎಂದು ಈಗ ಸಬೂಬು ಹೇಳಬಹುದು. ನಿಜ ಹೇಳಬೇಕೆಂದರೆ ಏನೂ ಬರಲಿಲ್ಲ, ಬರೀ ಹೆದರಿಕೆ ಬಂತು. ತಾಯಪ್ಪ ನನ್ನ ಮುಖ ನೋಡಿದ. ಆಮೇಲೆ ನೆಲ ನೋಡಿದ.

ಹೊಸ ಮೀಟರ್ ಬಂತು, ಇಲ್ಲವೆನ್ನುವುದಿಲ್ಲ. ತಪಾಸಣೆಗೆ ಬಂದವರಿಗೆ ತೋರಿಸಲು ಆಫೀಸಿನ ಕಪಾಟಿನಲ್ಲಿದೆ. ಟವರಿಗೆ ಒಯ್ದರೆ ಆಸಿಡ್ ತಾಗಿ ಕೆಡುತ್ತದಂತೆ!

ಮುಂದಿನ ಸಲ ಟವರ್ ತೆರೆದಾಗ ಎಲ್ಲರೂ ಮೊದಲಿನಂತೆ ತಾಯಪ್ಪನತ್ತ ನೋಡಿದರು. ಅವನು ಮೂಸಲಿಲ್ಲ. ಸುಮ್ಮನೆ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇನ್ನೊಂದು ತುದಿ ನನ್ನ ಕೈಗೆ ಕೊಟ್ಟ.

"ಇನ್ನ ಮ್ಯಾಲ ಮೊದಲ ನಾ ಇಳೀತೀನಿ. ತಳ ಮುಟ್ಟಿ ಹಗ್ಗ ಜಗ್ತೀನಿ. ಜಗ್ಗಲಿಲ್ಲಂದ್ರ ಯಾರನ್ನೂ ಕಳಸಬ್ಯಾಡ್ರಿ ಆಚಾರ್ರ, ನನ್ನ ತರಾಕಂತೂ ಕಳಸಲೇಬ್ಯಾಡ್ರಿ."

"ಬ್ಯಾಡೋ ತಾಯಪ್ಪಾ" ಎಂದೆ. ಅಷ್ಟೇ ಎಂದೆ. ಹಗ್ಗ ಕೈಬಿಡಲಿಲ್ಲ, ಅವನನ್ನು ತಡೆಯಲೂ ಇಲ್ಲ.

ಆ ದಿನ ಹಗ್ಗ ಜಗ್ಗಿತು. ಆಮೇಲಿನ ನಾಲ್ಕು ಸಲವೂ ಜಗ್ಗಿತು. ಈ ಸೋಮವಾರ ಮತ್ತೆ ಟವರ್ ತೆರೆಯುತ್ತಾರೆ, ಪರ್ಮಿಟ್ಟಿಗೆ ಈಗಲೇ ಸಹಿ ಹಾಕಿಟ್ಟಿದ್ದೇನೆ.